ಮಳೆ ಯಾರದು, ಕೆರೆ ಯಾರದು?

ಅರಸನು ಧರ್ಮಿಷ್ಠನಾಗಿದ್ದರೆ ತಿಂಗಳಿಗೆ ಮೂರು ಮಳೆ ತಪ್ಪದೆ ಸುರಿಯುತ್ತವೆ; ಹೊಲಗಳು ಹುಲುಸಾಗಿ ಬೆಳೆಯುತ್ತವೆ; ಪ್ರಜೆಗಳಿಗೆ ಹಸಿವೆಂಬುದೇ ತಿಳಿಯದು. ನಮ್ಮ ಪ್ರಾಚೀನರು ಒಕ್ಕೊರಲಿನಿಂದ ಸಾರುತ್ತ ಬಂದ ನಂಬುಗೆಯಿದು. ಮಹಾಭಾರತದ ಶಾಂತಿಪರ್ವದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನು ಧರ್ಮರಾಯನಿಗೆ ರಾಜನೀತಿಯನ್ನು ಬೋಧಿಸುವಾಗ, ಕಾಲ ಕೆಟ್ಟಿತೆಂದು ಅರಸನು ನೆವ ಹೇಳುವಂತಿಲ್ಲ, ಕಾಲದ ಒಳಿತು ಕೆಡುಕುಗಳಿಗೆ ಅವನೇ ಹೊಣೆಗಾರನೆಂಬ ಭಾವವನ್ನು ಸಂಶಯಕ್ಕೆಡೆಯಿಲ್ಲದಂತೆ ತಿಳಿಸುತ್ತಾನೆ. ಈ ಮಾತಿಗೆ ಇನ್ನೊಂದು ಮಗ್ಗುಲೂ ಉಂಟು. ಮಳೆ ಬಂದರೆ ದೊರೆಯ ಪುಣ್ಯವಾದಂತೆ, ಬಾರದಿದ್ದರೆ ಅದು ದೊರೆಯ ಪಾಪ.

ಅರಸೊತ್ತಿಗೆ ಹೋಯಿತು, ನಂಬುಗೆ ಹೋಗಲಿಲ್ಲ. ಮಳೆಯ ಸ್ಥಾನದಲ್ಲಿ ಈಗ ನೌಕರಿ ಬಂದು ಕುಳಿತಿದೆ, ಅಷ್ಟೆ. ನಿರುದ್ಯೋಗದ ಪ್ರಮಾಣ ಇಳಿಯಿತೆಂದು ವರದಿ ಬಂದ ಮರುದಿನವೇ ಆಳುವ ಪಕ್ಷ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತದೆ. ಏರಿತೆಂದು ಬಂದರೆ ವಿರೋಧ ಪಕ್ಷ ಬೆರಳೆತ್ತಿ ತೋರುತ್ತದೆ. ಈ ಹೊಗಳಿಕೆ ತೆಗಳಿಕೆಗಳಲ್ಲಿ ನ್ಯಾಯವೆಷ್ಟು? ಆಳುವವನಿಗೆ ನಿಜವಾಗಿ ಸಲ್ಲಬೇಕಾದುದೆಷ್ಟು, ಅವನ ಕೈಮೀರಿದುದೆಷ್ಟು? ಪದವಿಯ ಕೊನೆಯ ವರ್ಷದಲ್ಲಿ ಕುಳಿತಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ. ನಾಳೆ ತಮಗೆ ಕೆಲಸ ದೊರೆಯದಿದ್ದರೆ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ಎಂಬುದನ್ನು ಅವರು ತಿಳಿದಿರಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಇದನ್ನು ಪರೀಕ್ಷಿಸಬಹುದು. ಅದಕ್ಕೆ ಮೊದಲು, ಈ ವಾದ ಬಹು ಜೋರಾಗಿ ನಡೆದುಬಂದಿರುವ ಅಮೇರಿಕೆಯ ಕಡೆಗೊಮ್ಮೆ ಕಣ್ಣು ಹಾಯಿಸುವುದು ಲೇಸು.

ಅಧ್ಯಕ್ಷರ ಅದೃಷ್ಟ

ಹರ್ಬರ್ಟ್ ಹೂವರ್ ಅವರು ಅಮೇರಿಕೆಯ ಅಧ್ಯಕ್ಷ ಪದವಿಯನ್ನೇರಿದುದು 1929ರ ಮಾರ್ಚಿನಲ್ಲಿ. ಅದೇ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಶೇರು ಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯಲು ಸಿದ್ಧರಿದ್ದ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಮನೆಮಾರು ಕಳೆದುಕೊಂಡವರು ಊರಂಚಿನಲ್ಲಿ ಕಟ್ಟಿಕೊಂಡ ಜೋಪಡಿಗಳ ಕೇರಿಗಳಿಗೆ ಜನರು ಹೂವರರ ಹೆಸರನ್ನೇ ಇಟ್ಟು ಹಂಗಿಸಿದರು. ಏಳು ತಿಂಗಳ ಹಿಂದೆ ಅಧಿಕಾರಕ್ಕೆ ಬಂದವರು, ಅನೇಕ ವರ್ಷಗಳಿಂದ ಉಬ್ಬುತ್ತ ಬಂದಿದ್ದ ಗುಳ್ಳೆಗೆ ತಾವೊಬ್ಬರೇ ಕಾರಣರಾಗುವುದು ಸಾಧ್ಯವಿರಲಿಲ್ಲ. ಆದರೆ ಗುಳ್ಳೆ ಒಡೆದ ತರುವಾಯ, ಹಸಿದವರಿಗೆ ಕೇಂದ್ರ ಸರಕಾರದ ಬೊಕ್ಕಸದಿಂದ ನೇರವಾದ ನೆರವು ಕೊಡಲು ಅವರು ಹಿಂಜರಿದರಲ್ಲ, ಅದು ಮಾತ್ರ ಅವರ ಕೈಯೊಳಗಿನ ಸಂಗತಿಯೇ ಆಗಿತ್ತು.

ಅವರ ಬಳಿಕ ಬಂದ ರೂಸ್ವೆಲ್ಟರು ರಸ್ತೆ, ಸೇತುವೆ, ಅಣೆಕಟ್ಟುಗಳ ಕಾಮಗಾರಿಗಳನ್ನು ಆರಂಭಿಸಿ ಲಕ್ಷಾಂತರ ಜನರಿಗೆ ಕೂಲಿ ಒದಗಿಸಿದರು. ನಿರುದ್ಯೋಗ ಇಳಿಯಿತು. 1937ರಲ್ಲಿ ವೆಚ್ಚದ ಕೈ ಬಿಗಿಹಿಡಿದೊಡನೆ ಮರುವರ್ಷ ಅದು ಮತ್ತೆ ಏರಿತು. ಪೂರ್ತಿಯಾಗಿ ನೀಗಿದುದು ಎರಡನೆಯ ಮಹಾಯುದ್ಧ ಬಂದ ಮೇಲೆ. 1944ರಲ್ಲಿ ಅದು ಪ್ರತಿಶತ 2ಕ್ಕಿಂತಲೂ ಕೆಳಗಿತ್ತು. ಇದರ ಯಶಸ್ಸನ್ನು ರೂಸ್ವೆಲ್ಟರಿಗೆ ಕೊಡಬೇಕೋ, ಯುದ್ಧಕ್ಕೆ ಕೊಡಬೇಕೋ?

ಇನ್ನೂ ವಿಚಿತ್ರವಾದುದು 1979ರ ನಂತರದ ಕಥೆ. ಅಧ್ಯಕ್ಷ ಕಾರ್ಟರರು ಆ ವರ್ಷ ದೇಶದ ಕೇಂದ್ರ ಬ್ಯಾಂಕಿಗೆ ಪಾಲ್ ವೋಲ್ಕರ್ ಎಂಬವರನ್ನು ನೇಮಿಸಿದರು. ಬೆಲೆಯೇರಿಕೆಯನ್ನು ಹತ್ತಿಕ್ಕಲು ವೋಲ್ಕರರು ಬಡ್ಡಿಯ ದರವನ್ನು ಹಿಂದೆಂದೂ ಕಾಣದಷ್ಟು ಎತ್ತರಕ್ಕೇರಿಸಿದರು. 1980ರ ಚುನಾವಣೆಯಲ್ಲಿ ಕಾರ್ಟರರು ಸೋತರು. 1982ರ ಕೊನೆಗೆ, ರೇಗನ್ನರ ಆಳಿಕೆಯಲ್ಲಿ, ನಿರುದ್ಯೋಗ ಪ್ರತಿಶತ 10.8ನ್ನು ಮುಟ್ಟಿತು. ಬೆಲೆಗಳು ತಗ್ಗಿ ಬಡ್ಡಿ ಇಳಿದ ಮೇಲೆ ಕೆಲಸಗಳು ಮರಳಿದವು. 1984ರಲ್ಲಿ ರೇಗನ್ನರು ಭಾರೀ ಬಹುಮತದಿಂದ ಮತ್ತೆ ಗೆದ್ದರು. ಒಬ್ಬರು ಸೋತು ಇನ್ನೊಬ್ಬರು ಗೆದ್ದ ಈ ಆಟದಲ್ಲಿ ಕೀಲಿಕೈ ಬಹುಮಟ್ಟಿಗೆ ಮತದಾರರು ಆರಿಸದಿದ್ದ ಮೂರನೆಯವರ ಕೈಯಲ್ಲಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ ಎಂಬ ಅರ್ಥಶಾಸ್ತ್ರಜ್ಞರು ಯುದ್ಧಾನಂತರದ ಅಧ್ಯಕ್ಷರ ಕಾಲಗಳನ್ನೆಲ್ಲ ತೂಗಿ ನೋಡಿ 2016ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ಪಕ್ಷದ ಅಧ್ಯಕ್ಷರ ಕಾಲದಲ್ಲಿ ಆರ್ಥಿಕ ಬೆಳವಣಿಗೆ ಹೆಚ್ಚಾಗಿದ್ದುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಅವರ ನೀತಿಗಳಲ್ಲ, ಎಣ್ಣೆಯ ಬೆಲೆ, ಉತ್ಪಾದಕತೆಯ ಏರಿಕೆ, ಹೊರದೇಶಗಳ ಸ್ಥಿತಿಗತಿ ಮೊದಲಾದುವು ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಹಿರಿಯರಾಗಿದ್ದರೆ ಇದನ್ನು ಅದೃಷ್ಟವೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು.

ಲೆಕ್ಕದ ಮಾಯೆ

ನಮ್ಮ ದೇಶದಲ್ಲಿ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದುದರಿಂದ ಅವರನ್ನು ಈ ಚರ್ಚೆಗೆ ಎಳೆಯುವವರಿಲ್ಲ. ಬೆರಳು ಪ್ರಧಾನಮಂತ್ರಿಗಳ ಕಡೆಗೂ ಮುಖ್ಯಮಂತ್ರಿಗಳ ಕಡೆಗೂ ತಿರುಗುತ್ತದೆ. ಆದರೆ ಯಾವ ಅಂಕಿಯನ್ನು ಮುಂದಿಟ್ಟುಕೊಂಡು ನಾವು ತೀರ್ಪು ಕೊಡುತ್ತೇವೆಯೋ ಆ ಅಂಕಿಯನ್ನೇ ಮೊದಲು ವಿಚಾರಿಸಬೇಕು.

ಕೇಂದ್ರ ಸರಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ದೇಶದ ನಿರುದ್ಯೋಗ ಪ್ರತಿಶತ 6.1 ಇತ್ತು, 2023-24ರಲ್ಲಿ 3.2ಕ್ಕೆ ಇಳಿಯಿತು. ಮೊದಲನೆಯದನ್ನು ಹಿಡಿದು ಒಂದು ಪಕ್ಷದವರು ಸರಕಾರವನ್ನು ತೆಗಳಿದರು, ಎರಡನೆಯದನ್ನು ಹಿಡಿದು ಇನ್ನೊಂದು ಪಕ್ಷದವರು ಹೊಗಳಿದರು. ಇದೇ ಅವಧಿಯಲ್ಲಿ ದುಡಿಮೆಯಲ್ಲಿ ತೊಡಗಿದ ಇಲ್ಲವೆ ದುಡಿಮೆಯನ್ನು ಅರಸುವ ಮಹಿಳೆಯರ ಪ್ರಮಾಣ ಪ್ರತಿಶತ 23.3ರಿಂದ 41.7ಕ್ಕೆ ಏರಿದೆ. ಈ ಏರಿಕೆಯ ಬಹುಪಾಲು ಹಳ್ಳಿಗಳಲ್ಲಿ, ಸ್ವಂತ ಕಸುಬಿನಲ್ಲಿ, ಮನೆಯ ಹೊಲದಲ್ಲಿ ಸಂಬಳವಿಲ್ಲದೆ ಮಾಡುವ ದುಡಿಮೆಯಲ್ಲಿ ಆದುದು. ಸಮೀಕ್ಷೆಯ ಮುಖ್ಯ ಅಳತೆಯಲ್ಲಿ, ವರ್ಷದಲ್ಲಿ ಮೂವತ್ತು ದಿನ ಉಪವೃತ್ತಿಯಾಗಿ ದುಡಿದವರೂ ಉದ್ಯೋಗಸ್ಥರೇ. ದುಡಿಮೆಗೆ ಎಷ್ಟು ಕೂಲಿ ಬಂದಿತು, ಬಂದಿತೋ ಇಲ್ಲವೋ, ಎಂಬುದನ್ನು ನಿರುದ್ಯೋಗದ ಪ್ರಮಾಣ ಹೇಳುವುದಿಲ್ಲ.

ನಿಪ್ಪಾಣಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿ ಬೆಳಗಿನಿಂದ ಸಂಜೆಯವರೆಗೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾಳೆ, ಅವಳು ಉದ್ಯೋಗಸ್ಥೆ. ಮಗ ಬಿ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತ ಕೆಲಸ ಹುಡುಕುತ್ತಿದ್ದಾನೆ, ಅವನು ನಿರುದ್ಯೋಗಿ. ಬೇಸತ್ತು ಹುಡುಕುವುದನ್ನೇ ಬಿಟ್ಟರೆ ಅವನು ಲೆಕ್ಕದಿಂದಲೇ ಮಾಯವಾಗುತ್ತಾನೆ, ದೇಶದ ನಿರುದ್ಯೋಗ ಅಷ್ಟರಮಟ್ಟಿಗೆ ಇಳಿಯುತ್ತದೆ! ನಿರುದ್ಯೋಗಿಯಾಗಿ ಕುಳಿತಿರಲು ಉಣ್ಣಿಸುವವರು ಬೇಕು. ತೀರ ಬಡವನಿಗೆ ಆ ಅನುಕೂಲವೂ ಇಲ್ಲ. ಅವನು ಸಿಕ್ಕಿದ ಕೆಲಸಕ್ಕೆ ಸಿಕ್ಕಿದ ಕೂಲಿಗೆ ಕೈಯೊಡ್ಡುತ್ತಾನೆ. ಆದುದರಿಂದ ಈ ಒಂದು ಅಂಕಿಯನ್ನು ದೊರೆಯ ಕೊರಳಿಗೆ ಹಾರವಾಗಿ ಹಾಕುವುದೂ ಉರುಳಾಗಿ ಬಿಗಿಯುವುದೂ ಸಮಾನವಾದ ಅವಸರದ ಕೆಲಸವೇ ಸರಿ.

ನಿಪ್ಪಾಣಿಯ ತಂಬಾಕು

ಹಾಗಾದರೆ ಆಳುವವರು ಯಾವುದಕ್ಕೂ ಹೊಣೆಗಾರರಲ್ಲವೇ? ಹಾಗೆಂದು ಹೇಳುವವರು ನಿಪ್ಪಾಣಿಯ ಇತಿಹಾಸವನ್ನು ನೋಡಬೇಕು. ಬೀಡಿ ತಂಬಾಕಿಗೆ ಹೆಸರಾದ ಈ ಪಟ್ಟಣದ ದುಡಿಮೆಯ ಮೇಲೆ ದೂರದ ದಿಲ್ಲಿಯ ನೆರಳು ಬೀಳದ ದಶಕವಿಲ್ಲ. 1943ರಲ್ಲಿ ಬ್ರಿಟಿಷ್ ಸರಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ವಿಧಿಸಿತು. 1979ರಲ್ಲಿ ಅರ್ಥಮಂತ್ರಿ ಚರಣಸಿಂಗರು ಕಚ್ಚಾ ತಂಬಾಕಿನ ಸುಂಕವನ್ನು ತೆಗೆದುಹಾಕಿದರು. ರೈತನ ಪಾಡು ಅಷ್ಟಕ್ಕೇ ನೆಟ್ಟಗಾಯಿತೇ? ಬೆಲೆ ಕಟ್ಟುವವರು ವ್ಯಾಪಾರಿಗಳೇ ಆಗಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1981ರ ಮಾರ್ಚಿನಲ್ಲಿ, ತಕ್ಕ ಬೆಲೆಗಾಗಿ ಸಹಸ್ರಾರು ಬೆಳೆಗಾರರು ಶರದ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹನ್ನೆರಡು ಮಂದಿ ರೈತರು ಬಲಿಯಾದರು. ತಂಬಾಕಿನ ಪೇಟೆಯ ಏರಿಳಿತಕ್ಕೆ ಅಂದಿನ ಮುಖ್ಯಮಂತ್ರಿ ಗುಂಡೂರಾಯರು ಕಾರಣರಲ್ಲವೆನ್ನಬಹುದು. ಹೆದ್ದಾರಿಯ ಮೇಲೆ ಹಾರಿದ ಗುಂಡಿಗೆ ಅವರ ಸರಕಾರ ಹೊಣೆಯಲ್ಲವೆನ್ನುವಂತಿಲ್ಲ.

ಹೊಲದಿಂದ ತಂಬಾಕು ವಖಾರಿಗೆ ಬರುತ್ತದೆ. ಅಲ್ಲಿ ಅದನ್ನು ಕುಟ್ಟಿ, ಜರಡಿ ಹಿಡಿದು, ಹಸನು ಮಾಡುವವರು ಹೆಂಗಸರು. ಮೂಗು ಬಾಯಿಗಳಲ್ಲಿ ಘಾಟಿನ ಧೂಳು ತುಂಬಿಕೊಂಡು ದುಡಿಯುತ್ತಿದ್ದ ಸಾವಿರಾರು ಹೆಣ್ಣುಮಕ್ಕಳು ಒಂದು ಕಾಲದಲ್ಲಿ ಸಂಘಟನೆಯ ಹೆಸರನ್ನೂ ಕೇಳಿದವರಲ್ಲ. ಅವರು ಒಂದುಗೂಡಿ ಮುಷ್ಕರ ಹೂಡಿದ ಬಗೆಯನ್ನು ದೀಪಾ ಧನರಾಜ್ ಮತ್ತು ಅವರ ಸಂಗಡಿಗರು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನು ಮಾಡಿತ್ತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಅದರ ವ್ಯಾಪ್ತಿಗೆ ಬಂದಿದ್ದರು. 1976ರಲ್ಲಿ ಬೀಡಿಯ ಮೇಲೊಂದು ಕರ ಹಾಕಿ ಅದರಿಂದ ಕಾರ್ಮಿಕರ ಔಷಧೋಪಚಾರ, ಮನೆ, ಮಕ್ಕಳ ವಿದ್ಯಾರ್ಥಿವೇತನಗಳಿಗೆ ಕಲ್ಯಾಣನಿಧಿ ಏರ್ಪಟ್ಟಿತು. ಇವೆಲ್ಲ ಉದ್ಯೋಗದ ಸಂಖ್ಯೆಯನ್ನು ಹೆಚ್ಚಿಸಿದ ಕಾರ್ಯಗಳಲ್ಲ. ಇದ್ದ ಉದ್ಯೋಗವನ್ನು ಮನುಷ್ಯರು ಮಾಡಬಹುದಾದ ಉದ್ಯೋಗವನ್ನಾಗಿ ಮಾಡುವ ಪ್ರಯತ್ನಗಳು. ನಿರುದ್ಯೋಗದ ಅಂಕಿಯಲ್ಲಿ ಇವುಗಳ ಗುರುತೂ ಕಾಣದು. 2017ರ ಜುಲೈಯಲ್ಲಿ ಬೀಡಿಯ ಮೇಲೆ ಪ್ರತಿಶತ 28ರ ಜಿಎಸ್‌ಟಿ ಬಂದಾಗ ಆ ಕಲ್ಯಾಣಕರ ರದ್ದಾಯಿತು. ಅದರ ಗುರುತೂ ಅಂಕಿಯಲ್ಲಿ ಕಾಣದು.

ಇನ್ನು ತಂಬಾಕಿನ ಸೇವನೆಯನ್ನು ಕಡಿಮೆ ಮಾಡುವ ನೀತಿ. ಅದು ಜನರ ಆರೋಗ್ಯಕ್ಕಾಗಿ. ಅದನ್ನು ತಪ್ಪೆನ್ನುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಆ ಒಪ್ಪಂದದ 17ನೆಯ ಕಲಮು, ತಂಬಾಕಿನ ಬೆಳೆಗಾರರಿಗೂ ಕಾರ್ಮಿಕರಿಗೂ ಬದುಕಿಗೆ ಸಾಲುವ ಬೇರೆ ದಾರಿಗಳನ್ನು ತೋರಿಸುವುದಕ್ಕೆ ಸಂಬಂಧಿಸಿದುದು. ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ ಅಚ್ಚಾಗಲು ಒಂದು ಆಜ್ಞೆ ಸಾಕು. ಬೀಡಿ ಕಟ್ಟುವ ಬೆರಳುಗಳಿಗೆ ಬೇರೆ ಕಸುಬು ಕಲಿಸಲು ಹತ್ತು ವರ್ಷಗಳ ತಾಳ್ಮೆ ಬೇಕು. ಮೊದಲನೆಯದಕ್ಕೆ ತೋರಿದ ಶೀಘ್ರತೆಯನ್ನು ಎರಡನೆಯದಕ್ಕೂ ತೋರಿದಿರಾ ಎಂದು ಕೇಳುವ ಹಕ್ಕು ನಿಪ್ಪಾಣಿಯ ತಾಯಂದಿರಿಗೆ ಇದೆ. ದಿಲ್ಲಿಯಲ್ಲಿ ಯಾವ ಪಕ್ಷವಿದ್ದರೂ ಈ ಪ್ರಶ್ನೆ ಒಂದೇ.

ಅಥಣಿಯ ಚಪ್ಪಲಿ

ಅಥಣಿಯ ಚರ್ಮಕುಶಲಿಗಳ ಕಥೆ ಬೇರೆ ಬಗೆಯದು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ತೊಗಲು ಹದಮಾಡಿ, ಗಂಡಸರು ಕತ್ತರಿಸಿ, ಹೆಂಗಸರು ಹೆಣೆದು ಹೊಲಿದ ಚಪ್ಪಲಿಗಳು ಪೇಟೆಯಲ್ಲಿ ಕೊಲ್ಲಾಪುರಿ ಎಂಬ ಹೆಸರಿನಿಂದ ಮಾರಾಟವಾಗುತ್ತ ಬಂದಿವೆ. ದುಡಿದವರ ಊರು ಒಂದು, ಹೆಸರು ಪಡೆದ ಊರು ಇನ್ನೊಂದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದುದು ಈ ಲೋಪಕ್ಕೆ ದೊರೆತ ಒಂದು ಪರಿಹಾರ. ಎರಡು ರಾಜ್ಯಗಳ ಸರಕಾರಿ ಚರ್ಮೋದ್ಯಮ ನಿಗಮಗಳು ಕೂಡಿ ಮಾಡಿದ ಆ ಕಾರ್ಯದ ಶ್ರೇಯಸ್ಸನ್ನು ಅವುಗಳಿಗೆ ಕೊಡಲು ಸಂಕೋಚವೇಕೆ?

ಆದರೆ 2025ರ ಜೂನಿನಲ್ಲಿ ಈ ಚಪ್ಪಲಿಯ ಹೆಸರು ಜಗತ್ತಿನಾದ್ಯಂತ ಕೇಳಿಬಂದುದು ಯಾವ ಮಂತ್ರಿಯ ಯೋಜನೆಯಿಂದಲೂ ಅಲ್ಲ. ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಅದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿತು. ಇಲ್ಲಿ ಪ್ರತಿಭಟನೆ ಎದ್ದ ಮೇಲೆ ಅವು ಭಾರತದ ಕುಶಲಕರ್ಮಿಗಳಿಂದ ಪ್ರೇರಿತವಾದುವೆಂದು ಒಪ್ಪಿಕೊಂಡಿತು. ಪೇಟೆಯ ಗಾಳಿ ಎತ್ತಣಿಂದ ಬೀಸುವುದೆಂದು ಮುಂಗಾಣುವವರು ಯಾರು? ಅದೇ, 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದುದು ಗಾಳಿಯಿಂದಲ್ಲ, ಆಜ್ಞೆಯಿಂದ. ನಗದಿನ ಮೇಲೆಯೇ ನಡೆಯುವ ಸಣ್ಣ ಕಸುಬುಗಳು ದೇಶದ ಉದ್ದಗಲಕ್ಕೂ ಅದರ ಬಿಸಿಯನ್ನುಂಡವು. ಎಲ್ಲಿ ಆಜ್ಞೆಯಿದೆಯೋ ಅಲ್ಲಿ ಹೊಣೆಯೂ ಇದೆ. ಒಳಿತಾದರೂ ಸರಿ, ಕೆಡುಕಾದರೂ ಸರಿ.

ಕೃಷ್ಣೆಯ ದಂಡೆಯಲ್ಲಿ

ಈಗ ಮಳೆಯ ಮಾತಿಗೆ ಮರಳಬಹುದು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ದಂಡೆ ಮೀರಿ ಹರಿದು ನಮ್ಮ ಐದೂ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದವು. ನಿಂತ ಕಬ್ಬು ಕೊಳೆಯಿತು. ಕೂಲಿಯವರ ಕೈ ಬರಿದಾಯಿತು. ಆಲಮಟ್ಟಿಯಲ್ಲಿ ನೀರು ತಡೆದುದೇ ಕಾರಣವೆಂದು ಮಹಾರಾಷ್ಟ್ರದವರು, ಕೊಯ್ನೆಯಿಂದ ನೀರು ಬಿಟ್ಟುದೇ ಕಾರಣವೆಂದು ಕರ್ನಾಟಕದವರು ದೂರಿಕೊಂಡರು. ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆಗೆ ಯಾವ ಮುಖ್ಯಮಂತ್ರಿಯೂ ಹೊಣೆಯಲ್ಲ. ಅಣೆಕಟ್ಟುಗಳ ಬಾಗಿಲನ್ನು ಯಾವಾಗ ಎಷ್ಟು ತೆರೆಯಬೇಕೆಂಬುದರಲ್ಲಿ ನೆರೆಹೊರೆಯವರು ಮುಂಚಿತವಾಗಿ ಮಾತಾಡಿಕೊಳ್ಳುವುದಕ್ಕೆ ಮಾತ್ರ ಇಬ್ಬರೂ ಹೊಣೆ.

ಇದೇ ಹೊಳೆಯ ದಂಡೆಯ ಕಬ್ಬಿನ ಬದುಕು ನೆಲೆಗೊಂಡ ಬಗೆಯನ್ನು ನೋಡಿ. 1932ರಲ್ಲಿ ಬ್ರಿಟಿಷ್ ಭಾರತದ ಸರಕಾರ ಹೊರದೇಶದ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತು. ಆ ನೆರಳಿನಲ್ಲಿ ದೇಶದ ತುಂಬ ಸಕ್ಕರೆ ಕಾರಖಾನೆಗಳು ಎದ್ದವು. ಇಂದಿನ ಕಾಗವಾಡ ತಾಲೂಕಿನ ಉಗಾರ ಖುರ್ದದ ಕಾರಖಾನೆ 1939ರಲ್ಲಿ ಹುಟ್ಟಿತು. ಅಂದು ಸುಂಕ ವಿಧಿಸಿದವರ ಹೆಸರು ಇಂದು ಉಗಾರದಲ್ಲಿ ಕಬ್ಬು ಸಾಗಿಸುವವನಿಗೆ ಗೊತ್ತಿಲ್ಲ. ಆಳುವವರ ನೀತಿ ಹಣ್ಣಾಗಲು ಅನೇಕ ವರ್ಷಗಳು ಬೇಕು. ಹಣ್ಣಾದಾಗ ಗದ್ದುಗೆಯ ಮೇಲೆ ಯಾರು ಕುಳಿತಿರುತ್ತಾರೋ ಅವರು ಅದನ್ನು ತಮ್ಮ ತೋಟದ ಹಣ್ಣೆನ್ನುತ್ತಾರೆ.

ಕೊಲ್ಲಾಪುರದ ಶಾಹೂ ಮಹಾರಾಜರು ಭೋಗಾವತಿ ಹೊಳೆಗೆ ರಾಧಾನಗರಿಯಲ್ಲಿ ಕಟ್ಟಿಸಲಾರಂಭಿಸಿದ ಆಣೆಕಟ್ಟು ಅವರ ಜೀವಿತಕಾಲದಲ್ಲಿ ಮುಗಿಯಲಿಲ್ಲ. ಅವರು ತೀರಿಕೊಂಡುದು 1922ರಲ್ಲಿ; ಕಟ್ಟೆ ಪೂರ್ತಿಯಾದುದು ಸ್ವಾತಂತ್ರ್ಯಾನಂತರ. ಆದರೆ ಅವರ ಇನ್ನೊಂದು ಕಾರ್ಯ ಒಂದೇ ದಿನದಲ್ಲಿ ಆಯಿತು. 1902ರ ಜುಲೈ 26ರಂದು ಅವರು ಸಂಸ್ಥಾನದ ನೌಕರಿಗಳಲ್ಲಿ ಖಾಲಿಯಾಗುವ ಸ್ಥಾನಗಳ ಅರ್ಧವನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟು ಆಜ್ಞೆ ಹೊರಡಿಸಿದರು. ಅಂದು ರಾಯಬಾಗವೂ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತೆಂಬುದನ್ನು ನೆನೆದರೆ ಈ ಆಜ್ಞೆ ನಮ್ಮ ಮನೆಯಂಗಳದ ಇತಿಹಾಸವೇ ಆಗುತ್ತದೆ. ಅದರಿಂದ ನೌಕರಿಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ. ನೌಕರಿ ಯಾರಿಗೆ ದೊರೆಯಬೇಕೆಂಬುದು ಬದಲಾಯಿತು. ಎಷ್ಟು ಕೆಲಸಗಳಿವೆ ಎಂಬುದು ಬಹುಮಟ್ಟಿಗೆ ಮಳೆ, ಪೇಟೆ, ಜಗತ್ತುಗಳ ಕೈಯಲ್ಲಿರಬಹುದು. ಇದ್ದ ಕೆಲಸವನ್ನು ಹಂಚುವ ನ್ಯಾಯ ಮಾತ್ರ ನಿಸ್ಸಂದೇಹವಾಗಿ ದೊರೆಯ ಕೈಯದು.

ಕೆರೆ ಕಟ್ಟಿದವರು

ಕಾಗವಾಡದ ಗಡಿ ದಾಟಿದರೆ ಸಾಂಗಲಿ ಜಿಲ್ಲೆ. ಅಲ್ಲಿಯ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ 1965ರಲ್ಲಿ ವಿ. ಎಸ್. ಪಾಗೆ ಎಂಬ ಹಿರಿಯರು, ದುಡಿಯಲು ಸಿದ್ಧನಾದವನಿಗೆ ಸರಕಾರ ಕೆಲಸ ಕೊಡಲೇಬೇಕೆಂಬ ವಿಚಾರವನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದರು. ಅವರು ಮುಖ್ಯಮಂತ್ರಿಗಳಲ್ಲ, ಮಹಾರಾಷ್ಟ್ರದ ವಿಧಾನ ಪರಿಷತ್ತಿನ ಸಭಾಪತಿಗಳು. 1972ರ ಭೀಕರ ಬರಗಾಲದಲ್ಲಿ ಮುಖ್ಯಮಂತ್ರಿ ವಸಂತರಾವ ನಾಯಕರ ಸರಕಾರ ಆ ವಿಚಾರವನ್ನು ರಾಜ್ಯಕ್ಕೆಲ್ಲ ವಿಸ್ತರಿಸಿತು; 1977ರಲ್ಲಿ ಅದು ಕಾಯಿದೆಯಾಯಿತು. ಪಟ್ಟಣಗಳಲ್ಲಿ ಸಂಬಳ ತೆಗೆದುಕೊಳ್ಳುವವರ ಮೇಲೆ ವೃತ್ತಿ ತೆರಿಗೆ ಹಾಕಿ, ಹಳ್ಳಿಗಳಲ್ಲಿ ಕೆಲಸವಿಲ್ಲದವರಿಗೆ ಕೆರೆ, ರಸ್ತೆ, ಒಡ್ಡುಗಳ ಕೆಲಸ ಕೊಡಲಾಯಿತು. 2005ರಲ್ಲಿ ಸಂಸತ್ತು ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯನ್ನು ಕಾಯಿದೆಯಾಗಿ ಅಂಗೀಕರಿಸಿದಾಗ ಅದರ ಹಿಂದೆ ಈ ಮಾದರಿಯಿತ್ತು. 2007ರಲ್ಲಿ ಅದು ಬೆಳಗಾವಿ ಜಿಲ್ಲೆಗೂ ಬಂದಿತು. ಇದರ ಯಶಸ್ಸು ಯಾರದು? ಪಾಗೆಯವರದೋ, ನಾಯಕರದೋ, 2005ರ ಪ್ರಧಾನಿ ಮನಮೋಹನಸಿಂಗರದೋ, ಬಿಸಿಲಲ್ಲಿ ನಿಂತು ಕೆಲಸ ಕೊಡಿ ಎಂದು ಕೂಗಿದ ಅನಾಮಧೇಯ ಜನರದೋ? ಎಲ್ಲರದೂ. ಬರಗಾಲ ಬಂದುದಕ್ಕೆ ಇವರಾರೂ ಹೊಣೆಯಲ್ಲ. ಬರಗಾಲದಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ಇವರೆಲ್ಲ ಉತ್ತರ ಕೊಟ್ಟವರು.

ಕನ್ನಡಿಗರೆಲ್ಲ ಬಲ್ಲ 'ಕೆರೆಗೆ ಹಾರ' ಎಂಬ ಜನಪದ ಕಥನಗೀತದಲ್ಲಿ ಊರ ಗೌಡನು ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಆಗ ಬಲಿಯಾಗುವವಳು ಗೌಡನಲ್ಲ, ಮನೆಯ ಕಿರಿಯ ಸೊಸೆ ಭಾಗೀರಥಿ. ಆಳುವವರ ಯೋಜನೆ ಫಲಿಸದಿದ್ದಾಗ ಬೆಲೆ ತೆರುವವರು ಯಾರೆಂಬುದನ್ನು ನಮ್ಮ ಜನಪದರು ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿದ್ದರು. ಗೌಡನನ್ನು ನೀರು ಬಾರದುದಕ್ಕಾಗಿ ತೆಗಳುವುದು ಸಲ್ಲದು. ಕಟ್ಟುವ ಮುನ್ನ ನೆಲವನ್ನು ಬಲ್ಲವರ ಮಾತು ಕೇಳಿದೆಯಾ, ನೀರು ಬಾರದಿದ್ದಾಗ ನಷ್ಟವನ್ನು ಯಾರ ತಲೆಗೆ ಕಟ್ಟಿದೆ ಎಂದು ಕೇಳದೆ ಬಿಡುವುದೂ ಸಲ್ಲದು.

ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಶರಣರ ನಾಡು ನಮ್ಮದು. ಸಮಗಾರ ಹರಳಯ್ಯನಿಗೂ ನುಲಿಯ ಚಂದಯ್ಯನಿಗೂ ದುಡಿಮೆ ಹೊಟ್ಟೆಯ ಪಾಡು ಮಾತ್ರವಾಗಿರಲಿಲ್ಲ, ಮಾನದ ಮಾತಾಗಿತ್ತು. ಈ ನಾಡಿನಲ್ಲಿ ಕೆಲಸವಿಲ್ಲದೆ ಕುಳಿತ ತರುಣನು ಕಳೆದುಕೊಳ್ಳುವುದು ಸಂಬಳವನ್ನಷ್ಟೇ ಅಲ್ಲ. ಆದಕಾರಣ ಅವನ ಪ್ರಶ್ನೆ ಮುಂದಿನ ಚುನಾವಣೆಯ ಜಯಘೋಷದಲ್ಲಾಗಲಿ ಧಿಕ್ಕಾರದಲ್ಲಾಗಲಿ ಮುಳುಗಿಹೋಗಬಾರದು. ಅಂಕಿ ಏರಿತೋ ಇಳಿಯಿತೋ ಎಂಬುದನ್ನು ಬದಿಗಿಟ್ಟು ಅವನು ಆಳುವವರನ್ನು ಕೇಳಬೇಕಾದುದು ನಾಲ್ಕೇ ಮಾತು. ನಮ್ಮನ್ನು ಪ್ರಾಮಾಣಿಕವಾಗಿ ಎಣಿಸಿದಿರಾ? ನಿಮ್ಮದೇ ಆಜ್ಞೆಯಿಂದ ಒಂದು ಕಸುಬು ಸೊರಗಿದಾಗ ಬೇರೊಂದು ದಾರಿ ತೋರಿದಿರಾ? ಇದ್ದ ಕೆಲಸವನ್ನು ನ್ಯಾಯವಾಗಿ ಹಂಚಿದಿರಾ? ಮಳೆ ಕೈಕೊಟ್ಟ ವರ್ಷಕ್ಕೆಂದು, ಬಂದ ವರ್ಷವೇ ಕೆರೆ ಕಟ್ಟಿದಿರಾ? ಈ ನಾಲ್ಕಕ್ಕೆ ಹೌದೆನ್ನಬಲ್ಲವರು ಬರಗಾಲದಲ್ಲಿ ಆಳಿದರೂ ಹೊಗಳಿಕೆಗೆ ಅರ್ಹರು. ಅಲ್ಲವೆನ್ನುವವರು ಸುಭಿಕ್ಷದಲ್ಲಿ ಆಳಿದ್ದರೂ, ಸುರಿದ ಮಳೆಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲು ನಾವು ಬಿಡಬಾರದು.